ಇದು ಶುಗರ್ರೋ, ಹೆದರಿಕೆಯೋ? ನನ್ನ ಅನುಭವ

ಶುಗರ್ ಇದ್ದವರ ಭಯದಲ್ಲಿ ಒಂದು ವಿಚಿತ್ರ ತೊಡಕಿದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದಾಗ ಏನಾಗುತ್ತದೆ? ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಕುತ್ತಿಗೆ ಹಿಂದೆ ತಣ್ಣಗೆ ಬೆವರು. ಸುಮ್ನೆ ಹೆದರಿಕೊಂಡಾಗ ಏನಾಗುತ್ತದೆ? ಅದೇ. ಎರಡರಲ್ಲೂ ಅಡ್ರಿನಲಿನ್ ಎಂಬ ಹಾರ್ಮೋನ್ ಏರುತ್ತದೆ, ಮೈಗೆ ಅದರ ಗುರುತು ಒಂದೇ. ಹಾಗಾಗಿ "ಧೈರ್ಯವಾಗಿರಿ, ಏನೂ ಆಗಲ್ಲ" ಅನ್ನುವವರ ಮಾತು ನಮಗೆ ಅರ್ಧವೇ ಉಪಯೋಗ. ಕೆಲವು ಸಲ ನಿಜವಾಗಿಯೂ ಏನೋ ಆಗುತ್ತಿರುತ್ತದಲ್ಲ.

ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಶುಗರ್ ಬಂದು ಕೆಲವು ವರ್ಷಗಳಾದವು. ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಮಾತ್ರೆ. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಮಾತ್ರೆ ನುಂಗಿ ಊಟ ತಡ ಮಾಡಿದರೆ ಇಳಿಸಿಬಿಡುತ್ತದೆ. ನಿಮ್ಮದು ಯಾವ ಬಗೆಯ ಮಾತ್ರೆ ಎಂದು ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಇಳಿಸದ ಬಗೆಯದಾದರೆ ಅರ್ಧ ಭಯ ಅಲ್ಲೇ ಮುಗಿಯಿತು.

ನನಗೆ ಇದು ಹೆಚ್ಚಾಗಿ ಶುರುವಾಗುತ್ತಿದ್ದುದು ಊಟದ ಬೆಲ್‌ಗೆ ಮುಂಚಿನ ಪೀರಿಯಡ್‌ನಲ್ಲಿ. ಬೋರ್ಡ್ ಮೇಲೆ ಬರೆಯುತ್ತಾ ಸೀಮೆಸುಣ್ಣದ ಗೆರೆ ಸೊಟ್ಟ ಹೋಗುತ್ತದೆ. ತಕ್ಷಣ ಮನಸ್ಸು ಮುಂದಕ್ಕೆ ಓಡುತ್ತದೆ: ಬೀಳುತ್ತೇನಾ, ಮಕ್ಕಳ ಮುಂದೆ ಬಿದ್ದರೆ ಏನು ಗತಿ? ಆಗ ನಾನು ಮಾಡುವುದು ಇಷ್ಟೇ. ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಕುರ್ಚಿಯಲ್ಲಿ ಕೂರುತ್ತೇನೆ. ಬ್ಯಾಗಿನಿಂದ ಶುಗರ್ ನೋಡುವ ಮೀಟರ್ ತೆಗೆದು ಮೇಜಿನ ಡ್ರಾಯರ್ ಒಳಗೇ ಚುಚ್ಚಿಕೊಳ್ಳುತ್ತೇನೆ. ಬೆರಳಿನ ತುದಿಗಲ್ಲ, ಪಕ್ಕಕ್ಕೆ. ಅಲ್ಲಿ ನೋವು ಕಡಿಮೆ, ಮತ್ತೆ ಸೀಮೆಸುಣ್ಣ ಹಿಡಿದಾಗಲೂ ಉರಿಯುವುದಿಲ್ಲ.

70ಕ್ಕಿಂತ ಕಡಿಮೆ ಬಂದರೆ ಯೋಚನೆ ಮಾಡುವುದೇನೂ ಇಲ್ಲ. ಮೂರು ಟೀ ಚಮಚ ಸಕ್ಕರೆ ಇಲ್ಲವೇ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯುವುದು, 15 ನಿಮಿಷ ಕಾಯುವುದು, ಮತ್ತೆ ನೋಡುವುದು. ಆಮೇಲೆ ಊಟ. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. 110, 120 ಬಂದರೆ ಅದು ಹೆದರಿಕೆ. ಅದಕ್ಕೆ ಬೇರೆ ಮದ್ದು: ನಲ್ಲಿ ಹತ್ತಿರ ಹೋಗಿ ಮುಖ ತೊಳೆದು, ಒಳಗೆ ಎಳೆದುಕೊಂಡದ್ದಕ್ಕಿಂತ ಉದ್ದವಾಗಿ ಉಸಿರು ಬಿಡುವುದು. ಮೀಟರ್ ಕೈಯಲ್ಲಿ ಇಲ್ಲದಿದ್ದರೆ ಚರ್ಚೆ ಬೇಡ, ಮೊದಲು ಸಕ್ಕರೆ. ಒಂದು ದಿನ ಸ್ವಲ್ಪ ಏರಿದರೆ ಪ್ರಪಂಚ ಮುಳುಗುವುದಿಲ್ಲ.

ಇನ್ನೊಂದು ವಿಷಯ ಹೊಸಬರಿಗೆ ಯಾರೂ ಹೇಳುವುದಿಲ್ಲ. ಬಹಳ ಕಾಲ 250, 300ರಲ್ಲಿ ಇದ್ದವರ ಸಕ್ಕರೆ ಮಾತ್ರೆಯಿಂದ 120ಕ್ಕೆ ಬಂದರೂ ಮೈ ಇಳಿದವರ ಹಾಗೆಯೇ ಆಡುತ್ತದೆ. ಮೈಗೆ ಮೇಲಿನ ಮಟ್ಟವೇ ಅಭ್ಯಾಸವಾಗಿರುತ್ತದೆ. ಕೆಲವು ವಾರಗಳಲ್ಲಿ ಇದು ಹೋಗುತ್ತದೆ. ಅಷ್ಟರಲ್ಲಿ "ಈ ಮಾತ್ರೆ ನನಗೆ ಆಗಿಬರಲ್ಲ" ಎಂದು ನಿಲ್ಲಿಸಿದವರನ್ನು ನಾನು ನೋಡಿದ್ದೇನೆ.

ಮೀಟರ್ ನಂಬಿಕೆ ಬಂದ ಮೇಲೆ ಅದರದೇ ಒಂದು ಚಟ ಹಿಡಿಯುತ್ತದೆ, ಇದನ್ನೂ ಹೇಳಬೇಕು. ಎದ್ದಾಗ, ಕಾಫಿ ಆದ ಮೇಲೆ, ಮನೆಯಲ್ಲಿ ಜಗಳವಾದ ಮೇಲೆ, ಸುಮ್ನೆ. ಸ್ಟ್ರಿಪ್ ಖರ್ಚು ಒಂದು ಕಡೆ, ನಂಬರಿನ ಜೊತೆ ಏರಿ ಇಳಿಯುವ ಮನಸ್ಸು ಇನ್ನೊಂದು ಕಡೆ. ಲೆಕ್ಕದ ಟೀಚರ್ ಆಗಿ ನನಗೆ ಇಲ್ಲಿ ಸ್ವಲ್ಪ ಅನುಕೂಲವಾಯಿತು. ಮನೆಯ ಮೀಟರ್ ಲ್ಯಾಬ್ ಲೆಕ್ಕಕ್ಕಿಂತ ಶೇಕಡ 15ರಷ್ಟು ಆಚೀಚೆ ಹೋದರೂ ಅಂತಾರಾಷ್ಟ್ರೀಯ ಮಾನದಂಡದಲ್ಲಿ ಪಾಸೇ. ಅಂದರೆ ನಿಜವಾದ ಸಕ್ಕರೆ 150 ಇದ್ದಾಗ ಮೀಟರ್ 130 ತೋರಿಸಬಹುದು, 170 ತೋರಿಸಬಹುದು. ನನ್ನ ಪಾಲಿಗೆ 142 ಮತ್ತು 156 ಎರಡೂ ಒಂದೇ ನಂಬರ್. ಎರಡರ ನಡುವಿನ ವ್ಯತ್ಯಾಸಕ್ಕೆ ಕಣ್ಣೀರು ಹಾಕುವುದು ಬಿಟ್ಟೆ. ಬಾಳೆಹಣ್ಣು ಸುಲಿದ ಕೈಯನ್ನು ತೊಳೆಯದೆ ಚುಚ್ಚಿದರಂತೂ ಬೆರಳಿಗೆ ಅಂಟಿದ ಸಕ್ಕರೆಯನ್ನೂ ಅದು ಲೆಕ್ಕಕ್ಕೆ ಹಿಡಿಯುತ್ತದೆ.

ಈಗ ಚುಚ್ಚುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ: ಈ ನಂಬರ್ ನೋಡಿ ಏನು ಮಾಡುತ್ತೀಯಾ? ಉತ್ತರ ಇಲ್ಲದಿದ್ದರೆ ಮೀಟರ್ ಮುಟ್ಟುವುದಿಲ್ಲ. ಮೈ ನಡುಗಿದಾಗ ಮಾತ್ರ ಪ್ರಶ್ನೆ ಇಲ್ಲ. ಉಳಿದಂತೆ ಜೋಡಿಯಾಗಿ ನೋಡುತ್ತೇನೆ. ಊಟಕ್ಕೆ ಮೊದಲು ಒಂದು, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಂದು. ಆಗ ನಂಬರಿಗೆ ಅರ್ಥ ಬರುತ್ತದೆ. ರಾಗಿ ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು ಅನ್ನುವ ನಮ್ಮ ಕಡೆಯ ನಂಬಿಕೆ ನನ್ನ ನೋಟ್‌ಬುಕ್ಕಿನಲ್ಲಿ ನಿಲ್ಲಲಿಲ್ಲ. ಮುದ್ದೆ ದೊಡ್ಡದಾದರೆ ಅನ್ನದ ಹಾಗೆಯೇ ಏರಿಸುತ್ತದೆ. ಸೊಪ್ಪಿನ ಸಾರು, ಕಾಳು ಜಾಸ್ತಿ ಹಾಕಿಕೊಂಡು ಮುದ್ದೆ ಅರ್ಧ ಮಾಡಿದಾಗ ಸರಿಹೋಯಿತು.

ಅದೇ ನೋಟ್‌ಬುಕ್ಕಿನಲ್ಲಿ ನಂಬರಿನ ಪಕ್ಕ ಎರಡು ಪದ ಬರೆಯುತ್ತೇನೆ. "ನಿದ್ದೆ ಇಲ್ಲ." "ಮದುವೆ ಊಟ." "ಅಮ್ಮನ ಬಿಪಿ." ಎಸ್‌ಎಸ್‌ಎಲ್‌ಸಿ ಪೇಪರ್ ವ್ಯಾಲ್ಯುಯೇಷನ್ ದಿನಗಳಲ್ಲಿ ಊಟ ಅದೇ, ವಾಕಿಂಗ್ ಅದೇ, ಆದರೂ ಫಾಸ್ಟಿಂಗ್, ಅಂದರೆ ಬೆಳಗ್ಗೆ ಖಾಲಿ ಹೊಟ್ಟೆಯ ಸಕ್ಕರೆ, ಮೇಲೆ ಹೋಗಿತ್ತು. ಟೆನ್ಷನ್ ಆದಾಗ ಅಡ್ರಿನಲಿನ್, ಕಾರ್ಟಿಸಾಲ್ ಎರಡೂ ಹಾರ್ಮೋನ್ ಸೇರಿ ಲಿವರ್‌ನಿಂದ ಸಕ್ಕರೆ ಹೊರಡಿಸುತ್ತವೆ. ಇದು ತಿಳಿದ ಮೇಲೆ ಬೆಳಗ್ಗೆ 160 ಕಂಡರೆ "ನಿನ್ನೆ ಏನು ತಿಂದೆ" ಎಂದು ನನ್ನನ್ನೇ ಕಟಕಟೆಗೆ ನಿಲ್ಲಿಸುವುದು ತಪ್ಪಿತು.

ಇದೆಲ್ಲ ಇವತ್ತಿನ ಭಯ. ಮುಂದಿನದರ ಭಯ ಬೇರೆ. ನಮ್ಮ ದೊಡ್ಡಪ್ಪನಿಗೆ ಕಾಲಿನ ಹುಣ್ಣು ವಾಸಿಯಾಗದೆ ಪಾದ ತೆಗೆಯಬೇಕಾಯಿತು. ಚಿಕ್ಕವಳಾಗಿದ್ದಾಗ ಅದನ್ನು ಮನೆಯಲ್ಲೇ ನೋಡಿದವಳು ನಾನು. ರಾತ್ರಿ ಕಾಲು ಜುಮ್ಮೆಂದರೆ ಸಾಕು, ಆ ಬ್ಯಾಂಡೇಜೇ ಕಣ್ಣ ಮುಂದೆ ಬರುತ್ತಿತ್ತು. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಸಮಾಧಾನ ಹೇಳುತ್ತಾ ಕೂರಲಿಲ್ಲ. ಕಣ್ಣು ಮುಚ್ಚಿಸಿ, ಅಂಗಾಲಿನ ಅಲ್ಲಲ್ಲಿ ಸಣ್ಣ ನೈಲಾನ್ ಎಳೆ ಮುಟ್ಟಿಸಿ, "ಗೊತ್ತಾದಾಗ ಹೂಂ ಅನ್ನಿ" ಅಂದರು. ಎಲ್ಲ ಕಡೆಯೂ ಹೂಂ ಅಂದೆ. ಆ ಎಳೆಗೆ ಮಾನೋಫಿಲಮೆಂಟ್ ಎನ್ನುತ್ತಾರೆ. ಪಾದದ ಸ್ಪರ್ಶ ಉಳಿದಿದೆಯೋ ಇಲ್ಲವೋ ತಿಳಿಯಲು ಅಷ್ಟು ಸಾಕು, ಖರ್ಚೂ ಹೆಚ್ಚಿಲ್ಲ.

ಅವತ್ತಿನಿಂದ ಪ್ರತಿ ಭಯಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ಪರೀಕ್ಷೆಗೆಂದು ಒಂದು ತಿಂಗಳು ಕೊಟ್ಟಿದ್ದೇನೆ. ಕಾಲಿಗೆ ಯುಗಾದಿ ಆದ ಮೇಲೆ. ಕಣ್ಣಿನ ಪರದೆಗೆ ದಸರಾ ರಜೆಯಲ್ಲಿ, ಯಾಕೆಂದರೆ ಡ್ರಾಪ್ಸ್ ಹಾಕಿದ ಮೇಲೆ ಕೆಲವು ಗಂಟೆ ಎಲ್ಲ ಮಸುಕು, ಜೊತೆಗೆ ಒಬ್ಬರು ಬೇಕು. ಕಿಡ್ನಿಗೆ ಮೂತ್ರದಲ್ಲಿ ಆಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್, ಅದು ಜನವರಿಗೆ. ಮಧ್ಯರಾತ್ರಿ ಕಿಡ್ನಿ ಚಿಂತೆ ಬಂದರೆ ಅದಕ್ಕೆ ಜನವರಿ ಇದೆಯಲ್ಲ ಎಂದು ಮಗ್ಗುಲು ಬದಲಿಸುತ್ತೇನೆ. ಪ್ರತಿ ರಾತ್ರಿ ಇದು ಕೆಲಸ ಮಾಡುತ್ತದೆ ಎಂದೇನಲ್ಲ. ಮಾಡಿದ ರಾತ್ರಿಗಳು ಜಾಸ್ತಿ.

ನೆಂಟರ ವಿಷಯ ಹೆಚ್ಚು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. "ಒಂದು ಹೋಳಿಗೆಗೆ ಏನಾಗುತ್ತೆ ತಿನ್ನೇ" ಅನ್ನುವ ಅತ್ತಿಗೆ, ಅದೇ ಪಂಕ್ತಿಯಲ್ಲಿ "ಅಯ್ಯೋ, ನಿನಗೆ ಶುಗರ್ ಅಲ್ವಾ" ಅನ್ನುವ ಚಿಕ್ಕಮ್ಮ. ಇಬ್ಬರಿಗೂ "ಆಯ್ತು" ಅಂದು ನನಗೆ ಬೇಕಾದಷ್ಟು ತಿನ್ನುತ್ತೇನೆ.

ಮನೆಯವರಿಗೆ ಕಲಿಸಿದ್ದು ಮಾತ್ರ ಮುಖ್ಯ. ನನ್ನ ಭಯಕ್ಕಿಂತ ನಮ್ಮನೆಯವರ ಭಯವೇ ದೊಡ್ಡದಿತ್ತು. ರಾತ್ರಿ ಎಬ್ಬಿಸಿ "ಸರಿ ಇದ್ದೀಯಾ" ಎಂದು ಕೇಳುತ್ತಿದ್ದರು. ಒಂದು ಭಾನುವಾರ ಕೂತು ಹೇಳಿದೆ: ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಸಕ್ಕರೆ ನೀರು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್. ಚೀಟಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೂ ಆಯಿತು. ಆಮೇಲೆ ಅವರು ಎಬ್ಬಿಸುವುದು ನಿಂತಿತು, ನನ್ನ ನಿದ್ದೆಯೂ ಸುಧಾರಿಸಿತು.

ಆದರೂ ಒಂದು ಮಳೆಗಾಲ ಇದ್ಯಾವುದೂ ಸಾಲಲಿಲ್ಲ. ಮಾತ್ರೆ ನೋಡಿದರೆ ಬೇಸರ, ಶಾಲೆ ಬೇಸರ, ಯಾರ ಜೊತೆಯೂ ಮಾತು ಬೇಡ. ಡಾಕ್ಟರು ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಸಕ್ಕರೆ ಕಾಯಿಲೆಯವರ ಮನಸ್ಸಿನ ಭಾರ ಅಳೆಯಲು ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದದ್ದು, ಪೇಯ್ಡ್ (PAID) ಎಂದು ಹೆಸರು. ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಒಟ್ಟನ್ನು 1.25ರಿಂದ ಗುಣಿಸಿದರೆ ನೂರರ ಲೆಕ್ಕಕ್ಕೆ ಬರುತ್ತದೆ, 40 ದಾಟಿದರೆ ಗಮನ ಕೊಡಬೇಕು. ನನ್ನ ಮನಸ್ಥಿತಿಗೂ ಶುಗರ್‌ಗೂ ಸಂಬಂಧ ಇದೆಯೋ ಇಲ್ಲವೋ ತಿಳಿಯದಿರುವುದು ಎಷ್ಟು ಕಾಡುತ್ತದೆ ಎಂಬ ಪ್ರಶ್ನೆಯೂ ಅದರಲ್ಲಿತ್ತು. ಅಲ್ಲಿ ನಾಲ್ಕು ಹಾಕಿದೆ. ಇದನ್ನು ಕೇಳಬೇಕು ಎಂದು ಯಾರಿಗೋ ಅನಿಸಿತ್ತಲ್ಲ ಎಂದೇ ಸ್ವಲ್ಪ ಹಗುರಾಯಿತು.

ಸಮಾಲೋಚಕಿಯ ಹತ್ತಿರ ಕೆಲವು ಸಲ ಹೋಗಿ ಬಂದೆ. ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಎರಡು ವಾರ ಸತತವಾಗಿ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಅದನ್ನು ಶುಗರ್ ತಲೆಗೆ ಕಟ್ಟಿ ಸುಮ್ಮನಿರಬೇಡಿ.

ಈಗ ಇನ್ಸುಲಿನ್ ಮಾತು ಬಂದಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಶೇಕಡ 8ರ ಮೇಲೆಯೇ ನಿಂತಿದೆ, ಮಾತ್ರೆ ಸಾಲುತ್ತಿಲ್ಲವಂತೆ. "ಇನ್ಸುಲಿನ್ ಅಂದ್ರೆ ಕೊನೇ ಹಂತ" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಹೇಳಿದರು. ಅದು ಸುಳ್ಳು ಎಂದು ಗೊತ್ತಿದ್ದರೂ ಹೊಟ್ಟೆಯಲ್ಲಿ ಕಸಿವಿಸಿ. ಅದಕ್ಕೇ ಕ್ಲಿನಿಕ್ಕಿನ ಸಿಸ್ಟರ್ ಹತ್ತಿರ ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ ತೋರಿಸಿ ಎಂದು ಕೇಳಿದೆ. ಸೂಜಿ ನಾಲ್ಕೇ ಮಿಲಿಮೀಟರ್, ಬೆರಳು ಚುಚ್ಚುವುದಕ್ಕಿಂತ ನೋವು ಕಡಿಮೆ ಅಂದರು. ನಂಬಿಲ್ಲ. ಮುಂದಿನ ಸಲ ಬಂದಾಗ ಔಷಧಿ ಇಲ್ಲದೆ ಬರೀ ಸೂಜಿ ಚುಚ್ಚಿ ನೋಡುತ್ತೇನೆ, ಆಮೇಲೆ ಶುರು ಮಾಡೋಣ ಎಂದು ಹೇಳಿ ಬಂದಿದ್ದೇನೆ.