ಹಳೆಯ ಮನೆ ಕೆಡವುವ ಮುನ್ನ: ಕಟ್ಟಡ ತ್ಯಾಜ್ಯವನ್ನು ಬೇರ್ಪಡಿಸಿ, ಬಳಸಿ, ಒಪ್ಪಿಸುವ ಕ್ರಮ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಲವತ್ತು ಐವತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಸಾಮಾನ್ಯವಾಗಿ ಮನೆಯವರು ಒಬ್ಬ ಗುತ್ತಿಗೆದಾರನನ್ನು ಗೊತ್ತುಮಾಡಿ, ಬೀಗದ ಕೈ ಒಪ್ಪಿಸಿ ಹೋಗುತ್ತಾರೆ. ಹತ್ತು ದಿನ ಬಿಟ್ಟು ಬಂದಾಗ ನಿವೇಶನ ಸಮತಟ್ಟಾಗಿರುತ್ತದೆ. ಆ ಹತ್ತು ದಿನಗಳಲ್ಲಿ ಮನೆಯ ಗೋಡೆಗಳು ಎಲ್ಲಿಗೆ ಹೋದವೆಂದು ಕೇಳುವವರು ಕಡಿಮೆ. ಕೇಳಿದ್ದರೆ ಎಷ್ಟೋ ಬಾರಿ ಸಿಗುತ್ತಿದ್ದ ಉತ್ತರ ಯಾವುದೋ ಕೆರೆಯಂಗಳ, ರಾಜಕಾಲುವೆಯ ದಂಡೆ ಅಥವಾ ಹೊರವಲಯದ ರಸ್ತೆಯ ಅಂಚು. ನಮ್ಮ ತಂದೆಯ ಮನೆಯನ್ನು ಕೆಡವಿಸಿದಾಗ ನಾವು ಹೊನ್ನೆ ಮರದ ಬಾಗಿಲನ್ನೂ ಅಡುಗೆಮನೆಯ ಕಡಪ ಕಲ್ಲನ್ನೂ ಉಳಿಸಿಕೊಂಡೆವು. ಗೋಡೆಗಳು ಹೋದ ಜಾಗ ಮಾತ್ರ ನನಗೆ ಇಂದಿಗೂ ತಿಳಿದಿಲ್ಲ. ಆ ಕೊರಗೇ ಈ ಬರಹಕ್ಕೆ ಕಾರಣ.

ಕಟ್ಟಡ ತ್ಯಾಜ್ಯದ ಗತಿ ಜೆಸಿಬಿ ಗೇಟಿನೊಳಗೆ ಬರುವ ಮುನ್ನವೇ ನಿರ್ಧಾರವಾಗಿರುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ. ಮರ, ಕಬ್ಬಿಣ, ಇಟ್ಟಿಗೆ, ಕಾಂಕ್ರೀಟು, ಪ್ಲಾಸ್ಟಿಕ್ ಎಲ್ಲವೂ ಒಮ್ಮೆ ಒಂದೇ ಗುಡ್ಡೆಯಾಗಿ ಬಿದ್ದ ಮೇಲೆ ಅದನ್ನು ಬಿಡಿಸಲು ತಗಲುವ ಕೂಲಿ ಆ ವಸ್ತುಗಳ ಬೆಲೆಯನ್ನೇ ಮೀರುತ್ತದೆ. ಆದ್ದರಿಂದ ಮುಂದೆ ಹೇಳುವ ಕ್ರಮದಲ್ಲಿ ಹೆಚ್ಚಿನ ಭಾಗ ಕೆಡವುವುದಕ್ಕೆ ಮೊದಲಿನ ಒಂದೆರಡು ವಾರಗಳಿಗೆ ಸೇರಿದ್ದು.

ಮೊದಲು ತೂಕದ ಅಂದಾಜು

ಟಿಫ್ಯಾಕ್ ಎಂಬ ಕೇಂದ್ರ ಸಂಸ್ಥೆ ಹಿಂದೆ ಮಾಡಿದ ಅಂದಾಜಿನ ಪ್ರಕಾರ ಕಟ್ಟಡವನ್ನು ಕೆಡವಿದಾಗ ಪ್ರತಿ ಚದರ ಮೀಟರಿಗೆ 300ರಿಂದ 500 ಕಿಲೋ ತ್ಯಾಜ್ಯ ಬರುತ್ತದೆ; ಗಟ್ಟಿ ಕಟ್ಟಡವಾದಷ್ಟೂ ತೂಕ ಮೇಲಿನ ಅಂಚಿಗೆ ಹತ್ತಿರವಾಗುತ್ತದೆ. 30×40 ಅಡಿಯ ನಿವೇಶನದಲ್ಲಿ ನೆಲ ಮತ್ತು ಮೊದಲ ಮಹಡಿ ಸೇರಿ 1,600 ಚದರ ಅಡಿ, ಅಂದರೆ ಸುಮಾರು 150 ಚದರ ಮೀಟರ್ ಕಟ್ಟಡವಿದ್ದರೆ 45ರಿಂದ 75 ಟನ್ ಬರುತ್ತದೆ. ಆರು ಟನ್ ಹೊರುವ ಟಿಪ್ಪರಿನ ಲೆಕ್ಕದಲ್ಲಿ ಎಂಟರಿಂದ ಹದಿಮೂರು ಲೋಡು. ಈ ಅಂಕಿಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಗುತ್ತಿಗೆದಾರನು ತೋರಿಸುವ ಚೀಟಿಗಳಲ್ಲಿ ಮೂರೇ ಲೋಡು ಇದ್ದರೆ ಉಳಿದದ್ದು ಎಲ್ಲಿಗೆ ಹೋಯಿತೆಂದು ಕೇಳಲು ನಿಮ್ಮ ಬಳಿ ಇರುವ ಆಧಾರ ಇದೊಂದೇ.

ಈ ಅಂಕಿಗೆ ಇನ್ನೊಂದು ಉಪಯೋಗವೂ ಇದೆ. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಟ್ಟಡ ತ್ಯಾಜ್ಯ ನಿರ್ವಹಣೆ ನಿಯಮಗಳು, ತ್ಯಾಜ್ಯವನ್ನು ಬೇರ್ಪಡಿಸಿ ಗೊತ್ತುಪಡಿಸಿದ ಕೇಂದ್ರಕ್ಕೆ ಒಪ್ಪಿಸುವ ಹೊಣೆಯನ್ನು ಎಲ್ಲರ ಮೇಲೂ ಹೊರಿಸಿದವು. ಜೊತೆಗೆ, ದಿನಕ್ಕೆ 20 ಟನ್ ಅಥವಾ ಒಂದು ಕಾಮಗಾರಿಯಲ್ಲಿ ತಿಂಗಳಿಗೆ 300 ಟನ್ ಮೀರಿದರೆ ಕಾಂಕ್ರೀಟು, ಮಣ್ಣು, ಉಕ್ಕು–ಮರ–ಪ್ಲಾಸ್ಟಿಕ್, ಇಟ್ಟಿಗೆ–ಗಾರೆ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಕೆಲಸ ಆರಂಭಿಸುವ ಮುನ್ನವೇ ಸ್ಥಳೀಯ ಸಂಸ್ಥೆಗೆ ನಿರ್ವಹಣಾ ಯೋಜನೆಯೊಂದನ್ನು ಸಲ್ಲಿಸಿ ಒಪ್ಪಿಗೆ ಪಡೆಯಬೇಕೆಂದು ವಿಧಿಸಿದವು. ತಿಂಗಳಿಗೆ 300 ಟನ್ ಎಂಬುದು ಸಣ್ಣ ಮನೆಗೆ ದೂರದ ಮಾತು. ಆದರೆ ಯಂತ್ರದಿಂದ ಎರಡೇ ದಿನದಲ್ಲಿ ಮನೆ ಕೆಡವಿದರೆ ದಿನಕ್ಕೆ 20 ಟನ್ ಎಂಬ ಆ ಗೆರೆಯನ್ನು ಸುಲಭವಾಗಿ ದಾಟಿಬಿಡುತ್ತಿದ್ದೆವು. ಇವುಗಳ ಬದಲಿಗೆ 2025ರಲ್ಲಿ ಪ್ರಕಟವಾದ ಹೊಸ ನಿಯಮಗಳು, 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ನಿರ್ಮಾಪಕರ ಮೇಲೆ ತ್ಯಾಜ್ಯ ಮರುಬಳಕೆಯ ಗುರಿಗಳನ್ನು ಹೊರಿಸುತ್ತವೆ. ಮನೆ ಕಟ್ಟುವವರು ತಮ್ಮ ಪಾಲಿಕೆಯ ಕಚೇರಿಯಲ್ಲಿ ನಕ್ಷೆಯ ಮಂಜೂರಾತಿಗೆ ಹೋದ ದಿನವೇ ಕಟ್ಟಡ ತ್ಯಾಜ್ಯವನ್ನು ಎಲ್ಲಿಗೆ ಕಳಿಸಬೇಕು, ಶುಲ್ಕವೆಷ್ಟು ಎಂದು ಲಿಖಿತವಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಗುತ್ತಿಗೆಯ ಕರಾರು

ಮನೆ ಕೆಡವುವ ಗುತ್ತಿಗೆದಾರರು ಕಬ್ಬಿಣ, ಮರ, ಕಿಟಕಿ, ತಂತಿಗಳ ಬೆಲೆಯನ್ನು ಮನಸ್ಸಿನಲ್ಲೇ ಕಳೆದು ದರ ಹೇಳುತ್ತಾರೆ. ಅದರಲ್ಲಿ ತಪ್ಪಿಲ್ಲ; ಅವರ ಕಸುಬು ನಡೆಯುವುದೇ ಹಾಗೆ. ಆದರೆ ಇಬ್ಬರು ಹೇಳಿದ ದರಗಳಲ್ಲಿ ದೊಡ್ಡ ಅಂತರವಿದ್ದರೆ, ಕಡಿಮೆ ಹೇಳಿದವನು ಡೀಸೆಲನ್ನು ಎಲ್ಲಿ ಉಳಿಸುತ್ತಿದ್ದಾನೆ ಎಂದು ಕೇಳಲೇಬೇಕು. ಕಟ್ಟಡ ತ್ಯಾಜ್ಯವನ್ನು ಪುಡಿಮಾಡಿ ಮರುಬಳಕೆಗೆ ಸಿದ್ಧಪಡಿಸುವ ಸಂಸ್ಕರಣಾ ಘಟಕ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರವಿದ್ದು, ಖಾಲಿ ಜಾಗವೊಂದು ಮೂರು ಕಿಲೋಮೀಟರಿನಲ್ಲಿ ಸಿಕ್ಕರೆ ರಾತ್ರಿಯ ಟಿಪ್ಪರ್ ಯಾವ ಕಡೆ ತಿರುಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಕರಾರು ಪತ್ರದಲ್ಲಿ ಮನೆಯವರು ಉಳಿಸಿಕೊಳ್ಳುವ ವಸ್ತುಗಳ ಪಟ್ಟಿ ಇರಲಿ. ಪ್ರತಿ ಲೋಡಿಗೂ ಘಟಕದ ತೂಕದ ಚೀಟಿಯನ್ನು ವಾಹನದ ಸಂಖ್ಯೆ ಸಮೇತ ತಂದುಕೊಡಬೇಕೆಂಬ ಷರತ್ತಿರಲಿ. ಒಟ್ಟು ಹಣದಲ್ಲಿ ಕಾಲು ಭಾಗವನ್ನಾದರೂ ಚೀಟಿಗಳು ಕೈಸೇರುವವರೆಗೆ ತಡೆಹಿಡಿಯುವ ಮಾತಿರಲಿ. ಈ ಕೊನೆಯ ಷರತ್ತಿಗೆ ಒಪ್ಪದವರಿಗೆ ಕೆಲಸ ಕೊಡಬೇಡಿ ಎಂಬುದು ನನ್ನ ಖಚಿತ ಸಲಹೆ.

ಕೈಯಿಂದ ಬಿಚ್ಚುವ ವಾರ

ವಿದ್ಯುತ್, ನೀರು, ಅಡುಗೆ ಅನಿಲದ ಸಂಪರ್ಕಗಳನ್ನು ಅಧಿಕೃತವಾಗಿ ಕಡಿತಗೊಳಿಸಿದ ಮೇಲೆ, ಯಂತ್ರ ತರಿಸುವ ಮುನ್ನ, ಒಂದು ವಾರವನ್ನು ಕೈಕೆಲಸಕ್ಕೆ ಮೀಸಲಿಡಬೇಕು. ಬಿಚ್ಚುವ ಕ್ರಮ ಕಟ್ಟಿದ ಕ್ರಮಕ್ಕೆ ತಿರುವುಮುರುವು: ಮೊದಲು ತಂತಿ, ದೀಪ, ನಲ್ಲಿ, ಸಿಂಕು, ಆಮೇಲೆ ಬಾಗಿಲು, ಕಿಟಕಿ, ಗ್ರಿಲ್ಲು, ನಂತರ ಹೆಂಚು, ರೀಪು, ಜಂತೆ, ತೊಲೆ, ಕೊನೆಗೆ ಗೋಡೆ ಮತ್ತು ಪಾಯ. ತಾಮ್ರಕ್ಕಾಗಿ ತಂತಿಯನ್ನು ಸುಡಲು ಯಾರಿಗೂ ಬಿಡಬೇಡಿ. ಅದರ ಹೊದಿಕೆ ಉರಿದಾಗ ಏಳುವ ಹೊಗೆ ವಿಷ. ಹೊದಿಕೆಯ ಸಮೇತವೇ ಗುಜರಿಯವರು ತೂಕಕ್ಕೆ ಕೊಳ್ಳುತ್ತಾರೆ.

ಹಳೆಯ ತೇಗ, ಹೊನ್ನೆ, ಮತ್ತಿಯ ದಾರಂದಗಳು ದಶಕಗಳ ಕಾಲ ಒಣಗಿ ಹದಗೊಂಡಿರುವುದರಿಂದ ಹೊಸ ಮರಕ್ಕಿಂತ ಕಡಿಮೆ ಸೊಟ್ಟಗಾಗುತ್ತವೆ. ಉಳಿಯ ಮೊನೆಯಿಂದ ಬುಡದಲ್ಲಿ ಚುಚ್ಚಿ ನೋಡಿ: ಸರ್ರನೆ ಒಳಗೆ ಹೋದರೆ ಗೆದ್ದಲು ಹಿಡಿದಿದೆ, ಆ ತುಂಡನ್ನು ಕತ್ತರಿಸಿ ಬೇರೆಯಿಡಿ, ಗಟ್ಟಿಯಾಗಿ ತಡೆದರೆ ಮೊಳೆಗಳನ್ನು ಕಿತ್ತು, ನೆಲಕ್ಕೆ ತಗಲದಂತೆ ಇಟ್ಟಿಗೆಗಳ ಮೇಲೆ ಅಡ್ಡಲಾಗಿ ಜೋಡಿಸಿ. ಮಂಗಳೂರು ಹೆಂಚುಗಳನ್ನು ಮೇಲಿನಿಂದ ಎಸೆಯದೆ ಕೈಯಿಂದ ಕೈಗೆ ಇಳಿಸಿ, ನಿಲ್ಲಿಸಿಡಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಕಾಲದಿಂದ ಬಂದಿರುವ ಈ ಹೆಂಚಿಗೆ ಒಳ್ಳೆಯ ಸುಡುವಿಕೆ ಸಿಕ್ಕಿದ್ದರೆ ಆಯುಸ್ಸು ಬಹಳ. ಬೆರಳ ಗೆಣ್ಣಿನಿಂದ ತಟ್ಟಿದಾಗ ಕಣಕಣ ಎಂದರೆ ಮತ್ತೊಂದು ಸೂರಿಗೆ ಯೋಗ್ಯ, ಮಂಕಾದ ಸದ್ದು ಬಂದರೆ ಬಿರುಕಿದೆ.

ಇಟ್ಟಿಗೆಯ ವಿಷಯದಲ್ಲಿ ಗಾರೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಾರೆಯಲ್ಲಿ ಕಟ್ಟಿದ ಗೋಡೆಯ ಇಟ್ಟಿಗೆಗಳನ್ನು ಮೇಲಿನ ವರಸೆಯಿಂದ ಒಂದೊಂದಾಗಿ ಎತ್ತಿ, ಕರಣೆಯ ಅಂಚಿನಿಂದ ಕೆರೆದರೆ ಇಡಿಯಾಗಿ ಉಳಿಯುತ್ತವೆ, ಏಕೆಂದರೆ ಅಲ್ಲಿ ಗಾರೆ ಇಟ್ಟಿಗೆಗಿಂತ ಮೆದು. ಗಟ್ಟಿ ಸಿಮೆಂಟ್ ಗಾರೆಯ ಗೋಡೆಯಲ್ಲಿ ಗಾರೆ ಬಿಡುವ ಮೊದಲೇ ಇಟ್ಟಿಗೆ ಒಡೆಯುತ್ತದೆ; ಅಂಥಲ್ಲಿ ಕೂಲಿ ವ್ಯರ್ಥ ಮಾಡದೆ ಅದನ್ನು ನೇರವಾಗಿ ಇಟ್ಟಿಗೆ ಚೂರಿನ ಗುಡ್ಡೆಗೆ ಸೇರಿಸಿ. ಕರಾವಳಿಯ ಕೆಂಪುಕಲ್ಲಿನ ಹಳೆಯ ಗೋಡೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸೈಜುಗಲ್ಲು, ಚಪ್ಪಡಿ, ಮೆಟ್ಟಿಲುಗಲ್ಲುಗಳಿಗಂತೂ ವಯಸ್ಸಿನ ಪ್ರಶ್ನೆಯೇ ಇಲ್ಲ; ಹೊಸ ಪಾಯಕ್ಕೆ, ಕಾಂಪೌಂಡಿಗೆ, ಅಂಗಳದ ನೆಲಹಾಸಿಗೆ ಅವೇ ಸಾಕು.

ಕಂಬಿಗಳ ಬಗ್ಗೆ ಒಂದು ಎಚ್ಚರಿಕೆ. ಒಡೆದ ತಾರಸಿಯಿಂದ ತೆಗೆದು, ಬಡಿದು ನೆಟ್ಟಗೆ ಮಾಡಿದ ಹಳೆಯ ಕಂಬಿಯನ್ನು ಹೊಸ ಕಂಬಕ್ಕೋ ತೊಲೆಗೋ ಬಳಸಬಾರದು. ತುಕ್ಕು ಅದರ ದಪ್ಪವನ್ನು ಎಷ್ಟು ತಿಂದಿದೆ, ಬಾಗಿಸಿ ನೆಟ್ಟಗೆ ಮಾಡುವಾಗ ಎಲ್ಲಿ ಬಲ ಕಳೆದಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಗುಜರಿಗೆ ಕೊಟ್ಟರೆ ಅದು ಕರಗಿ ಮತ್ತೆ ಹೊಸ ಉಕ್ಕಾಗುತ್ತದೆ. ಅದೇ ಸರಿಯಾದ ಮರುಬಳಕೆ.

ಬೇರೆಯೇ ಇಡಬೇಕಾದವು

ಆಸ್ಬೆಸ್ಟಾಸ್ ಶೀಟುಗಳನ್ನು ಯಾವ ಕಾರಣಕ್ಕೂ ಒಡೆಯಬಾರದು, ಗುಡ್ಡೆಗೆ ಸೇರಿಸಬಾರದು. ಒಡೆದಾಗ ಹಾರುವ ಕಣ್ಣಿಗೆ ಕಾಣದ ನಾರುಗಳು ಶ್ವಾಸಕೋಶ ಸೇರಿ, ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲವು. ನೀರು ಚಿಮುಕಿಸಿ ಒದ್ದೆ ಮಾಡಿ, ಕೊಕ್ಕೆಗಳನ್ನು ಬಿಚ್ಚಿ ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯುಳ್ಳ ಅಪಾಯಕಾರಿ ತ್ಯಾಜ್ಯ ನಿರ್ವಾಹಕರಿಗೆ ಒಪ್ಪಿಸಬೇಕು. ಇಳಿಸುವ ಕೆಲಸಗಾರರಿಗೆ ಕರವಸ್ತ್ರದ ಮುಸುಕು ಸಾಲದು. ಸೂಕ್ಷ್ಮ ಕಣಗಳನ್ನು ತಡೆಯುವ ಶೋಧಕವಿರುವ ಮಾಸ್ಕನ್ನು ಕೊಡಿಸುವುದು ಮನೆಯೊಡೆಯರ ಕರ್ತವ್ಯ. ಪಾದರಸವಿರುವ ಟ್ಯೂಬ್‌ಲೈಟುಗಳು, ಉಳಿದ ಬಣ್ಣದ ಡಬ್ಬಿಗಳು ಕೂಡ ಬೇರೆಯಿರಲಿ. ಪಿಒಪಿ ಮತ್ತು ಜಿಪ್ಸಂ ಹಲಗೆಗಳು ವಿಷವಲ್ಲದಿದ್ದರೂ ಕಾಂಕ್ರೀಟಿನ ಗುಡ್ಡೆಗೆ ಬೀಳಬಾರದು, ಏಕೆಂದರೆ ಅವುಗಳಲ್ಲಿರುವ ಸಲ್ಫೇಟು ಮುಂದೆ ಆ ಜಲ್ಲಿಯಿಂದ ಮಾಡಿದ ಕಾಂಕ್ರೀಟನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ.

ನಿವೇಶನದಲ್ಲೇ ಮರುಬಳಕೆ

ಲಾರಿ ಹತ್ತಿಸದೆ ಉಳಿಸಿದ ಪ್ರತಿ ಟನ್ನೂ ಎರಡು ಬಾರಿ ಉಳಿತಾಯ: ಹೊರಗೆ ಸಾಗಿಸುವ ಖರ್ಚಿಲ್ಲ, ಒಳಗೆ ಹೊಸದನ್ನು ತರಿಸುವ ಖರ್ಚೂ ಇಲ್ಲ. ಇಟ್ಟಿಗೆ ಚೂರು ಮತ್ತು ಕಾಂಕ್ರೀಟಿನ ಸಣ್ಣ ತುಂಡುಗಳಿಗೆ ಅತ್ಯಂತ ಯೋಗ್ಯ ಜಾಗ ಹೊಸ ಮನೆಯ ಪ್ಲಿಂತಿನ, ಅಂದರೆ ಅಂಗಳದ ಮಟ್ಟದಿಂದ ಮನೆಯ ನೆಲದವರೆಗೆ ಎತ್ತರಿಸಿದ ಭಾಗದ, ಒಳಭರ್ತಿ. ಅರ್ಧ ಅಡಿಯಷ್ಟು ಪದರ ಹರಡಿ, ನೀರು ಹಾಯಿಸಿ, ದಿಮ್ಮಿಸಿ, ಮತ್ತೆ ಮೇಲಿನ ಪದರ ಹಾಕಬೇಕು; ಒಂದೇ ಸಲ ಸುರಿದು ಮುಚ್ಚಿದರೆ ಎರಡು ಮಳೆಗಾಲದ ನಂತರ ನೆಲ ಕುಸಿಯುತ್ತದೆ. ಭರ್ತಿಯಲ್ಲಿ ಮರದ ಚೂರು ಸೇರಿದರೆ ಗೆದ್ದಲಿಗೆ ನಾವೇ ಆಹ್ವಾನ ಕೊಟ್ಟಂತೆ.

ಪಾಯದ ಕೆಳಗಿನ ಬೆಡ್ ಕಾಂಕ್ರೀಟಿಗೂ ಹಳೆಯ ಜಲ್ಲಿ ಆಗುತ್ತದೆ. ಭಾರತೀಯ ಮಾನಕ 383ರ 2016ರ ಪರಿಷ್ಕರಣೆ ಹಳೆಯ ಕಾಂಕ್ರೀಟನ್ನು ಪುಡಿಮಾಡಿ ಪಡೆದ ಜಲ್ಲಿಗೆ ಅಧಿಕೃತ ಸ್ಥಾನ ಕೊಟ್ಟಿದೆ: ಎಂ15ಕ್ಕಿಂತ (ಎಂ ಎಂಬುದು ಕಾಂಕ್ರೀಟಿನ ಬಲದ ದರ್ಜೆ) ಕೆಳಗಿನ, ಸಿಮೆಂಟ್ ಕಡಿಮೆಯಿರುವ ಕಾಂಕ್ರೀಟಿನಲ್ಲಿ ಪೂರ್ತಿ ಶೇ 100ರಷ್ಟು, ಕಂಬಿಯಿಲ್ಲದ ಕಾಂಕ್ರೀಟಿನಲ್ಲಿ ಶೇ 25, ಎಂ25ರವರೆಗಿನ ಕಂಬಿ ಕಾಂಕ್ರೀಟಿನಲ್ಲಿ ಶೇ 20. ಕೊನೆಯ ಎರಡು ಬಳಕೆಗಳಿಗೆ ಪರೀಕ್ಷೆಗೊಳಗಾದ ಘಟಕದ ಜಲ್ಲಿಯೇ ಬೇಕು; ಅಂಗಳದಲ್ಲಿ ಸುತ್ತಿಗೆಯಿಂದ ಒಡೆದದ್ದು ಕಂಬಕ್ಕೆ ಸಲ್ಲದು. ಹಳೆಯ ಜಲ್ಲಿಗೆ ಅಂಟಿಕೊಂಡ ಗಾರೆ ನೀರನ್ನು ಹೀರುವುದರಿಂದ ಕಲಸುವ ಮೊದಲು ಅದನ್ನು ಚೆನ್ನಾಗಿ ನೆನೆಸಿಡಬೇಕೆಂದು ಮೇಸ್ತ್ರಿಗೆ ಒತ್ತಿ ಹೇಳಿ. ಇಲ್ಲವಾದರೆ ಸಿಮೆಂಟಿಗೆ ಸಿಗಬೇಕಾದ ನೀರನ್ನು ಜಲ್ಲಿಯೇ ಕುಡಿದುಬಿಡುತ್ತದೆ. ಇಟ್ಟಿಗೆಯ ಪುಡಿಯನ್ನು ಗಾರೆಗೆ ಬಳಸುವುದು ನಮ್ಮ ನಾಡಿಗೆ ಹೊಸದೇನಲ್ಲ. ಕನ್ನಂಬಾಡಿ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಸುರಕಿಯ ಗಾರೆ. ಸುರಕಿಯೆಂದರೆ ಸುಟ್ಟ ಜೇಡಿಮಣ್ಣಿನ ಪುಡಿಯೇ. ಮಳೆನೀರಿನ ಇಂಗುಗುಂಡಿಗೆ ಮಾತ್ರ ಈ ಪುಡಿಯನ್ನಾಗಲಿ ಗಾರೆಯ ಚೂರನ್ನಾಗಲಿ ಹಾಕಬೇಡಿ, ರಂಧ್ರಗಳು ಮುಚ್ಚಿಹೋಗುತ್ತವೆ. ಅಲ್ಲಿಗೆ ತೊಳೆದ ಕಲ್ಲಿನ ತುಂಡುಗಳೇ ಸರಿ.

ಪಾಯ ತೋಡುವಾಗ ಸಿಗುವ ಮೇಲ್ಮಣ್ಣನ್ನು ಕೈತೋಟಕ್ಕೆಂದು ಬೇರೆಯಿರಿಸಿ. ಕಾಂಪೌಂಡು, ವಾಹನ ನಿಲ್ಲಿಸುವ ಜಾಗ, ಓಣಿಯ ಹಾಸು ಇವುಗಳಿಗೆ ಕಟ್ಟಡ ತ್ಯಾಜ್ಯದಿಂದ ತಯಾರಿಸಿದ ಪೇವರ್ ಮತ್ತು ಬ್ಲಾಕುಗಳನ್ನೇ ಕೊಂಡರೆ ಚಕ್ರ ಪೂರ್ತಿಯಾಗುತ್ತದೆ. ಕೊಳ್ಳುವಾಗ ಪೇವರಿಗೆ ಮಾನಕ 15658, ಗೋಡೆಯ ಬ್ಲಾಕಿಗೆ ಮಾನಕ 2185ರಂತೆ ಬಲ ಮತ್ತು ನೀರು ಹೀರುವಿಕೆಯ ಪರೀಕ್ಷಾ ವರದಿಯನ್ನು ಕೇಳಿ.

ಉಳಿದದ್ದನ್ನು ಒಪ್ಪಿಸುವುದು

ಘಟಕದಲ್ಲಿ ದವಡೆಯಂತಹ ಯಂತ್ರವೊಂದು ತುಂಡುಗಳನ್ನು ಅಗಿಯುತ್ತದೆ, ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ, ಜರಡಿಗಳು ಜಲ್ಲಿ ಮತ್ತು ಮರಳನ್ನು ಗಾತ್ರಕ್ಕೆ ತಕ್ಕಂತೆ ಬಿಡಿಸುತ್ತವೆ. ದೇಶದಲ್ಲಿ ಇಂತಹ ಮೊದಲ ಘಟಕ 2009ರಲ್ಲಿ ದೆಹಲಿಯ ಬುರಾರಿಯಲ್ಲಿ ಆರಂಭವಾಯಿತು; ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದ ಕಡೆಯಲ್ಲೂ ಸಂಸ್ಕರಣೆ ನಡೆಯುತ್ತಿದೆ. ಘಟಕವಿಲ್ಲದ ಊರುಗಳಲ್ಲಿ ಪುರಸಭೆ ಗೊತ್ತುಪಡಿಸಿದ ಜಾಗಕ್ಕೆ ಮಾತ್ರ ಸಾಗಿಸಬೇಕು.

ಕೆಡವುವಷ್ಟು ದಿನವೂ ಹಸಿರು ಪರದೆ ಕಟ್ಟಿ, ದಿನಕ್ಕೆ ಎರಡು ಮೂರು ಬಾರಿ ನೀರು ಚಿಮುಕಿಸಿ. ನೆರೆಮನೆಯಲ್ಲಿ ಆಸ್ತಮಾ ಇರುವ ಹಿರಿಯರಿದ್ದರೆ ಗೋಡೆ ಬೀಳಿಸುವ ಹೊತ್ತನ್ನು ಮೊದಲೇ ತಿಳಿಸಿ. ಗುಡ್ಡೆಗಳು ಗೇಟಿನ ಒಳಗೇ ಇರಲಿ, ರಸ್ತೆಗೂ ಚರಂಡಿಗೂ ಚೆಲ್ಲದಿರಲಿ. ಪ್ರತಿ ಟಿಪ್ಪರಿಗೆ ತಾಡಪಾಲು ಹೊದಿಸಿ, ಹೊರಡುವ ಮೊದಲು ಸಂಖ್ಯಾಫಲಕ ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ಲೋಡು ಹೋದ ಸಂಜೆ ಮನೆಯ ಮುಂದಿನ ಚರಂಡಿಯ ಮುಚ್ಚಳ ತೆಗೆಸಿ, ಒಳಗಿಳಿದ ಗಾರೆ ಮಣ್ಣನ್ನು ಎತ್ತಿಸಿ. ಚೀಟಿಗಳ ತೂಕವನ್ನು ಕೂಡಿ, ನಿವೇಶನದಲ್ಲೇ ಉಳಿಸಿಕೊಂಡದ್ದನ್ನೂ ಗುಜರಿಗೆ ಹೋದದ್ದನ್ನೂ ಸೇರಿಸಿ, ಮೊದಲ ದಿನ ಬರೆದಿಟ್ಟ ಅಂದಾಜಿನೊಂದಿಗೆ ಹೋಲಿಸಿ ನೋಡಿ. ಲೆಕ್ಕ ಹತ್ತಿರ ಬಂದರೆ ತಡೆಹಿಡಿದ ಹಣವನ್ನು ಅದೇ ದಿನ ಗುತ್ತಿಗೆದಾರನಿಗೆ ಕೊಟ್ಟು, ಚೀಟಿಗಳನ್ನು ಮಂಜೂರಾದ ನಕ್ಷೆಯ ಜೊತೆಗೆ ಕಡತದಲ್ಲಿರಿಸಿ.