ಕಲಬುರಗಿಯ ಊಟದ ಹೋಟೆಲ್ಲಿನಲ್ಲಿ ಸಪ್ಲಾಯರ್‌ಗೆ ಟಿಪ್ಸ್ ಹೆಚ್ಚಬೇಕಾದರೆ

ಗಿರಾಕಿ ಟಿಪ್ಸ್ ಕೊಡುವುದು ಬಿಲ್ಲು ಬಂದ ಮೇಲೆಯೇ ಆದರೂ, ಕೊಡಬೇಕೋ ಬೇಡವೋ ಎಂಬುದು ಅವರ ಮನಸ್ಸಿನಲ್ಲಿ ಬಹುಮಟ್ಟಿಗೆ ಎರಡನೆಯ ರೊಟ್ಟಿ ತಟ್ಟೆಗೆ ಬೀಳುವ ಹೊತ್ತಿಗೇ ನಿಶ್ಚಯವಾಗಿರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಮತ್ತು ಸ್ಟೇಷನ್ ರಸ್ತೆಯ ಸುತ್ತಮುತ್ತ ಸಪ್ಲಾಯರ್ ಆಗಿ ಹಲವು ವರ್ಷ ದುಡಿದು, ಆಮೇಲೆ ಹೊಸ ಹುಡುಗರಿಗೆ ಕೆಲಸ ಕಲಿಸುತ್ತ ಬಂದಿರುವ ನಾನು ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ಟಿಪ್ಸ್ ಹೆಚ್ಚಿಸಿಕೊಳ್ಳುವ ಬಗ್ಗೆ ಮೊಬೈಲಿನಲ್ಲಿ ಕಾಣುವ ಸಲಹೆಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಟಿಪ್ಸ್ ಪಡೆಯುವ ನೌಕರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ, ಕೇಂದ್ರ ಕಾನೂನಿನ ಪ್ರಕಾರ, 1991ರಿಂದಲೂ ಗಂಟೆಗೆ 2.13 ಡಾಲರ್ ಮಾತ್ರ. ಉಳಿದದ್ದು ಟಿಪ್ಸಿನಿಂದಲೇ ತುಂಬಬೇಕಾದ್ದರಿಂದ ಬಿಲ್ಲಿನ ಶೇಕಡಾ 15ರಿಂದ 20ರಷ್ಟು ಕೊಡುವುದು ಅಲ್ಲಿ ರೂಢಿಯಾಗಿದೆ. ನಮ್ಮಲ್ಲಿ ಅಂಥ ಲೆಕ್ಕವಿಲ್ಲ. ಗಿರಾಕಿ 10 ರೂಪಾಯಿ ಇಟ್ಟರೂ 50 ಇಟ್ಟರೂ ಅದು ಖುಷಿಯಿಂದ ಕೊಟ್ಟ ಭಕ್ಷೀಸು. ಮೇಜಿನ ಪಕ್ಕ ಮೊಣಕಾಲೂರಿ ಕುಳಿತು ಮಾತನಾಡಿಸುವುದು, ಹೆಗಲು ಮುಟ್ಟುವುದು ಮುಂತಾದ ಅಲ್ಲಿನ ಉಪಾಯಗಳನ್ನು ಇಲ್ಲಿ ಪ್ರಯೋಗಿಸಬೇಡಿ. ಕುಟುಂಬ ಸಮೇತ ಊಟಕ್ಕೆ ಬಂದ ಹಿರಿಯರ ಹೆಗಲ ಮೇಲೆ ಕೈಯಿಟ್ಟವನ ಗತಿ ಏನಾಗುತ್ತದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಿರಾಕಿ ಕುಳಿತ ಕೂಡಲೇ ನೀರು ಕೊಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು. ಬಿಸಿಲಲ್ಲಿ ಬಂದವರ ಮುಂದೆ ಮೆನು ಕಾರ್ಡು ಇಟ್ಟು ನೀರಿಗೆ ಐದು ನಿಮಿಷ ಕಾಯಿಸಿದರೆ, ಆಮೇಲೆ ಎಷ್ಟು ನಗುಮುಖ ತೋರಿಸಿದರೂ ಅದು ಲೆಕ್ಕಕ್ಕೆ ಬರುವುದಿಲ್ಲ. ಲೋಟದೊಳಗೆ ಬೆರಳು ಅದ್ದಿ ಹಿಡಿಯುವ ಅಭ್ಯಾಸವಿದ್ದರೆ ಇಂದೇ ಬಿಟ್ಟುಬಿಡಿ.

ಆರ್ಡರ್ ತೆಗೆದುಕೊಂಡ ಮೇಲೆ ಅದನ್ನು ಗಿರಾಕಿ ಹೇಳಿದ ಮಾತುಗಳಲ್ಲೇ ತಿರುಗಿ ಒಪ್ಪಿಸಿ. ನೆದರ್ಲೆಂಡ್ಸಿನ ಒಂದು ಹೋಟೆಲ್ಲಿನಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರ್ಡರನ್ನು ಗಿರಾಕಿಯ ಮಾತಿನಲ್ಲೇ ಮರುನುಡಿದಾಗ ಟಿಪ್ಸ್ ಹೆಚ್ಚು ಸಿಕ್ಕಿತ್ತು. ಹೊರಗಿನ ಸಲಹೆಗಳಲ್ಲಿ ನಮ್ಮ ಊರಿಗೂ ಹೊಂದುವಂಥದ್ದು ಇದೊಂದು. ಅವರು ‘ಬದ್ನಿಕಾಯಿ’ ಎಂದರೆ ನೀವೂ ‘ಎರಡು ರೊಟ್ಟಿ ಊಟ, ಒಂದು ಬದ್ನಿಕಾಯಿ ಜಾಸ್ತಿ ಅಲ್ರೀ?’ ಎಂದು ಕೇಳಿದರೆ ತಪ್ಪೂ ಆಗುವುದಿಲ್ಲ, ತಮ್ಮ ಮಾತನ್ನು ಕಿವಿಗೊಟ್ಟು ಕೇಳಿದ್ದಾನೆಂಬ ಸಮಾಧಾನವೂ ಅವರಿಗೆ ಸಿಗುತ್ತದೆ. ನಮ್ಮ ಊರಿನಲ್ಲಿ ಇನ್ನೂ ಒಂದು ಅನುಕೂಲವಿದೆ. ದಖನಿ, ಮರಾಠಿ, ತೆಲುಗು ಮೂರರಲ್ಲೂ ನಾಲ್ಕು ಮಾತು ಆಡಬಲ್ಲ ಹುಡುಗರು ಇಲ್ಲಿ ಬೇಕಾದಷ್ಟಿದ್ದಾರೆ. ಗಾಣಗಾಪುರದ ದತ್ತಾತ್ರೇಯನ ದರ್ಶನ ಮುಗಿಸಿ ಬಂದ ಮಹಾರಾಷ್ಟ್ರದವರಿಗೆ ‘ಅಜೂನ್ ಕಾಯ್ ಪಾಹಿಜೆ?’ ಎಂದೂ, ಬಂದೇನವಾಜ್ ದರ್ಗಾಕ್ಕೆ ಬಂದವರಿಗೆ ‘ಔರ್ ಕ್ಯಾ ಹೋನಾ ಸಾಬ್?’ ಎಂದೂ ಕೇಳಿದಾಗ ಅವರ ಮುಖ ಹೇಗೆ ಅರಳುತ್ತದೆಂಬುದನ್ನು ನೋಡಿಯೇ ತಿಳಿಯಬೇಕು. ಕನ್ನಡದವರಿಗೆ ಸರ್, ಮೇಡಂ ಎನ್ನುವುದರಲ್ಲಿ ತಪ್ಪಿಲ್ಲ. ಆದರೆ ಹಳ್ಳಿಯಿಂದ ಬಂದ ಹಿರಿಯರಿಗೆ ‘ಕಾಕಾ’, ‘ಅವ್ವಾರ’ ಎಂಬ ಮಾತು ಹೆಚ್ಚು ಹತ್ತಿರವಾಗುತ್ತದೆ.

ಈಗ ರೊಟ್ಟಿಯ ವಿಷಯಕ್ಕೆ ಬರೋಣ, ಏಕೆಂದರೆ ನಮ್ಮ ಕಡೆಯ ಊಟದಲ್ಲಿ ಸಪ್ಲಾಯರ್‌ನ ಜಾಣತನ ತಿಳಿಯುವುದೇ ಅಲ್ಲಿ. ಜೋಳದ ಬಿಸಿ ರೊಟ್ಟಿ ಹಂಚಿನಿಂದಿಳಿದು ಸ್ವಲ್ಪ ಹೊತ್ತಿಗೆಲ್ಲ ಆರಿ ಬಿರುಸಾಗುತ್ತದೆ. ಹಾಗಾಗಿ ಮೂರು ರೊಟ್ಟಿಯನ್ನು ಒಂದೇ ಸಲ ತಂದು ಪೇರಿಸುವುದು ನಿಮಗೆ ಓಡಾಟ ತಪ್ಪಿಸಬಹುದೇ ಹೊರತು ಉಣ್ಣುವವರಿಗೆ ರುಚಿಸುವುದಿಲ್ಲ. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿದಿರುವಾಗ ಅಡುಗೆಮನೆಗೆ ಕೂಗಿ ಹೇಳಿ, ಕೊನೆಯ ತುತ್ತಿನ ಹೊತ್ತಿಗೆ ಹೊಸದು ಮೇಜಿಗೆ ಬರುವಂತೆ ನೋಡಿಕೊಳ್ಳಿ. ಬಡಿಸುವ ಮುನ್ನ ‘ಬಿಸಿದು ಬೇಕೇನ್ರಿ, ಕಡಕ್ ಬೇಕೇನ್ರಿ?’ ಎಂದು ಒಂದು ಮಾತು ಕೇಳಿ. ವಯಸ್ಸಾದವರಿಗೆ ಹಲ್ಲಿನ ತೊಂದರೆಯಿರುತ್ತದೆ, ಕೆಲವರಿಗೆ ಕಡಕ್ ರೊಟ್ಟಿಯನ್ನು ಮುರಿದು ತಿನ್ನುವುದೇ ಇಷ್ಟ. ಎಣ್ಣೆಗಾಯಿಯ ಗ್ರೇವಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಇವುಗಳಲ್ಲಿ ಯಾವುದು ಮೊದಲು ಖಾಲಿಯಾಗುತ್ತಿದೆ ಎಂಬುದರ ಮೇಲೆ ಕಣ್ಣಿಟ್ಟು, ಅವರು ತಲೆಯೆತ್ತಿ ಹುಡುಕುವ ಮುನ್ನವೇ ಅದನ್ನು ಹಿಡಿದು ನಿಲ್ಲಬೇಕು. ಹಿಂಡಿಗೆ ಎಣ್ಣೆ ಬೇಕೋ ಮೊಸರು ಬೇಕೋ ಎಂದು ಕೇಳುವ ಸಪ್ಲಾಯರ್‌ನನ್ನು ಗಿರಾಕಿ ಮುಂದಿನ ಸಲ ಹುಡುಕಿಕೊಂಡು ಬಂದು ಅವನ ಮೇಜಿಗೇ ಕೂಡುತ್ತಾನೆ. ಆದರೆ ಯಾವುದಕ್ಕೆ ಬೇರೆ ದುಡ್ಡು ಬೀಳುತ್ತದೆಯೋ ಅದನ್ನು ಬಡಿಸುವ ಮುಂಚೆಯೇ ಹೇಳಿಬಿಡಿ. ಬಿಲ್ಲಿನಲ್ಲಿ ಅದನ್ನು ಕಂಡು ಹುಬ್ಬೇರಿಸಿದ ಗಿರಾಕಿ ಟಿಪ್ಸ್ ಕೊಡುವುದಿಲ್ಲ.

ಯಾರು ಕುಳಿತಿದ್ದಾರೆಂಬುದನ್ನು ಗುರುತಿಸುವುದೂ ಒಂದು ವಿದ್ಯೆ. 2008ರಲ್ಲಿ ಹೈಕೋರ್ಟಿನ ಪೀಠ ಇಲ್ಲಿಗೆ ಬಂದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಉಂಡು ಓಡುವ ವಕೀಲರೂ ಕಕ್ಷಿದಾರರೂ ಹೆಚ್ಚಾದರು. ಅವರಿಗೆ ಮಾತು ಬೇಡ, ವೇಗ ಬೇಕು, ಊಟ ಮುಗಿಯುವ ಮುನ್ನವೇ ಬಿಲ್ಲು ಸಿದ್ಧವಿರಬೇಕು. ಆಸ್ಪತ್ರೆಯಿಂದ ಬಂದವರು ಪಾರ್ಸೆಲ್ ಕೇಳಿದರೆ ಸಾರು, ಮಜ್ಜಿಗೆ ಸೋರದಂತೆ ಬಿಗಿಯಾಗಿ ಕಟ್ಟಿಕೊಡಿ. ಅವರಿಂದ ಏನನ್ನೂ ಅಪೇಕ್ಷಿಸಬೇಡಿ. ಮಕ್ಕಳಿರುವ ಮೇಜಿಗೆ ಖಾರವಿಲ್ಲದ ಬ್ಯಾಳಿ, ಅನ್ನ ಮೊದಲು ಹೋಗಲಿ. ಮಗು ಅಳುವುದು ನಿಂತರೆ ತಾಯಿತಂದೆ ನೆಮ್ಮದಿಯಿಂದ ಉಣ್ಣುತ್ತಾರೆ.

ಇನ್ನು ಚಿಲ್ಲರೆ. ಬಿಲ್ಲು 380 ರೂಪಾಯಿ ಆಗಿ ಗಿರಾಕಿ 500ರ ನೋಟು ಇಟ್ಟರೆ, 120 ರೂಪಾಯಿಯನ್ನು ಒಂದು ನೂರು, ಒಂದು ಇಪ್ಪತ್ತರಲ್ಲಿ ತಂದುಕೊಡುವುದು ರೂಢಿ. ಆಗ ಅವರ ಮುಂದೆ ಇರುವುದು ಇಪ್ಪತ್ತು ಬಿಡುವುದು ಅಥವಾ ಏನೂ ಬಿಡದಿರುವುದು, ಎರಡೇ ದಾರಿ. ಅದನ್ನೇ ಒಂದು ಐವತ್ತು, ಮೂರು ಇಪ್ಪತ್ತು, ಒಂದು ಹತ್ತರಲ್ಲಿ ತಂದರೆ ಅವರು ಹತ್ತನ್ನೋ ಇಪ್ಪತ್ತನ್ನೋ ಮೂವತ್ತನ್ನೋ ಮುಜುಗರವಿಲ್ಲದೆ ಬಿಡಬಹುದು. ಎಲ್ಲವನ್ನೂ ನಾಣ್ಯದಲ್ಲಿ ಸುರಿಯಬೇಡಿ, ಅದು ಬೇಡಿದಂತೆ ಕಾಣುತ್ತದೆ. ಪೂರ್ತಿ ಚಿಲ್ಲರೆಯನ್ನು ಸೋಂಪಿನ ಜೊತೆ ಮೇಜಿನ ಮೇಲಿಟ್ಟು ಅಲ್ಲಿಂದ ಸರಿಯಿರಿ. ‘ಚಿಲ್ಲರೆ ಇಲ್ರೀ’ ಎಂದು ತಡಮಾಡಿ ಗಿರಾಕಿ ಎದ್ದುಹೋಗಲೆಂದು ಕಾಯುವವರೂ ಇದ್ದಾರೆ. ಅದಕ್ಕೆ ಟಿಪ್ಸ್ ಎಂದು ಹೆಸರಿಡಬಾರದು.

ಸರಿಯಿರಿ ಎಂದದ್ದಕ್ಕೆ ಕಾರಣವಿದೆ. ಹೊಸದರಲ್ಲಿ ನಾನು ಚಿಲ್ಲರೆ ಇಟ್ಟು, ಕೈಕಟ್ಟಿಕೊಂಡು ಅಲ್ಲೇ ನಿಲ್ಲುತ್ತಿದ್ದೆ. ಒಂದು ದಿನ ಜೇವರ್ಗಿ ಕಡೆಯ ಹಿರಿಯರೊಬ್ಬರು ಕೈಯಲ್ಲಿ ಹಿಡಿದಿದ್ದ ನೋಟನ್ನು ಮತ್ತೆ ಅಂಗಿಯ ಕಿಸೆಗೆ ಇಳಿಸಿ, ‘ತಮ್ಮಾ, ನಾ ಕೊಡ್ಬೇಕಂತ ಮಾಡಿದ್ದೆ, ನೀ ಹಿಂಗ ನಿಂತ್ರ ಕೊಡಾಕ ಮನಸ್ಸ ಬರಂಗಿಲ್ಲ’ ಎಂದರು. ಆ ಹೊತ್ತಿಗೆ ನನ್ನ ಕಿವಿ ಬಿಸಿಯಾದದ್ದು ಇಂದಿಗೂ ನೆನಪಿದೆ.

ಯುಪಿಐ ಬಂದ ಮೇಲೆ ಚಿಲ್ಲರೆಯ ಈ ಲೆಕ್ಕವೇ ಅರ್ಧಕ್ಕರ್ಧ ತಪ್ಪಿಹೋಗಿದೆ. ಗಲ್ಲಾದ ಮುಂದಿನ ಕೋಡ್ ಸ್ಕ್ಯಾನ್ ಮಾಡಿ ಬಿಲ್ಲಿನಷ್ಟೇ ಹಣ ಹಾಕಿ ಹೋಗುವವರ ಕೈಯಲ್ಲಿ ನೋಟೇ ಇರುವುದಿಲ್ಲ. ಇದಕ್ಕೆ ಮಾಲೀಕರ ಒಪ್ಪಿಗೆ ಪಡೆದು, ಟಿಪ್ಸಿಗೆಂದೇ ಬೇರೆ ಕೋಡನ್ನು ಬಿಲ್ಲಿನ ಫೋಲ್ಡರಿನೊಳಗೆ ಅಂಟಿಸುವುದು ಒಳ್ಳೆಯ ದಾರಿ. ಒಪ್ಪಿಗೆಯಿಲ್ಲದೆ ನಿಮ್ಮ ಸ್ವಂತ ಮೊಬೈಲ್ ತೋರಿಸಬೇಡಿ. ಬಿಲ್ಲಿನ ಹಣವೇ ಅತ್ತ ಹೋಯಿತೆಂಬ ಅನುಮಾನ ಒಮ್ಮೆ ಹುಟ್ಟಿದರೆ ಕೆಲಸ ಉಳಿಯುವುದು ಕಷ್ಟ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದ್ದರೆ ಟಿಪ್ಸ್ ಕೊಡುವವರು ಕಡಿಮೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಗಿರಾಕಿ ಕೇಳಿದರೆ ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ ಎಂದು ನೇರವಾಗಿ ತಿಳಿಸಿ.

ಕೊನೆಗೆ ಹಂಚಿಕೆ. ಬಿಸಿ ರೊಟ್ಟಿ ಹೊತ್ತಿಗೆ ಸರಿಯಾಗಿ ಸಿಗಬೇಕಾದರೆ ಒಳಗೆ ಹಂಚಿನ ಮುಂದೆ ಕುಳಿತು ರೊಟ್ಟಿ ಬಡಿಯುವ ಅವ್ವನಿಗೂ, ಮೇಜು ಒರೆಸುವ ಹುಡುಗನಿಗೂ ಪಾಲು ಸಲ್ಲಬೇಕು. ಇಲ್ಲದಿದ್ದರೆ ನೀವು ಎಷ್ಟು ಕೂಗಿದರೂ ನಿಮ್ಮ ಮೇಜಿನ ರೊಟ್ಟಿ ಕೊನೆಗೇ ಬರುತ್ತದೆ. ಯಾರಿಗೆ ಎಷ್ಟು ಎಂಬುದನ್ನು ಮೊದಲೇ ಮಾತಾಡಿಕೊಂಡು, ದಿನದ ಮೊತ್ತವನ್ನು ರಾತ್ರಿ ಎಲ್ಲರೆದುರು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಅಂದು ಯಾರು ರಜೆಯಲ್ಲಿದ್ದರೆಂಬುದನ್ನೂ ಬರೆಯಿರಿ. ನಾನು ಕಂಡ ಜಗಳಗಳಲ್ಲಿ ಮುಕ್ಕಾಲು ಪಾಲು ಆ ರಜೆಯ ದಿನದ ಪಾಲಿಗಾಗಿಯೇ ನಡೆದವು.