ಸ್ಕೀಗೆ ವ್ಯಾಕ್ಸ್ ಹಾಕಲು ಎಂಥ ಇಸ್ತ್ರಿ ಪೆಟ್ಟಿಗೆ ತಗೋಬೇಕು?

ಸ್ಕೀ ಎಂದರೆ ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಪಟ್ಟಿ. ನನ್ನ ಹಳೆಯ ಸ್ಕೀಗಳಲ್ಲಿ ಒಂದನ್ನು ಮಗುಚಿ ಹಾಕಿದರೆ, ಬೂಟು ಸಿಕ್ಕಿಸುವ ಬೈಂಡಿಂಗಿನ ಕೆಳಗೆ ಅಂಗೈ ಅಗಲದ ಒಂದು ಕಲೆ ಕಾಣುತ್ತದೆ. ಸುತ್ತಲಿನ ತಳವೆಲ್ಲ ಮಂದ ಕಪ್ಪು, ಆ ಜಾಗ ಮಾತ್ರ ಗಾಜಿನ ಹಾಗೆ ನುಣುಪು. ಚೆನ್ನಾಗಿ ಜಾರಲೆಂದು ತಳಕ್ಕೆ ಕರಗಿಸಿ ಹಚ್ಚುವ ಮೇಣ, ಅಂದರೆ ವ್ಯಾಕ್ಸ್, ಅಲ್ಲಿ ಹಿಡಿಯುವುದೇ ಇಲ್ಲ. ನಾಲ್ಕು ಸಲ ಇಳಿಜಾರು ಇಳಿಯುವಷ್ಟರಲ್ಲಿ ಬೋಳಾಗಿಬಿಡುತ್ತದೆ. ಮೊದಲ ವರ್ಷ ನಾನು ಮನೆಯ ಬಟ್ಟೆ ಇಸ್ತ್ರಿ ಪೆಟ್ಟಿಗೆಯಲ್ಲೇ ವ್ಯಾಕ್ಸ್ ಹಾಕುತ್ತಿದ್ದೆ. ಒಂದು ಸಂಜೆ ಯಾರೋ ಬಾಗಿಲು ತಟ್ಟಿದರು. ತಿರುಗಿ ಉತ್ತರ ಕೊಟ್ಟೆ, ಅಷ್ಟೇ. ಹತ್ತು ಸೆಕೆಂಡ್ ಇರಬಹುದು. ಅಷ್ಟೂ ಹೊತ್ತು ಪೆಟ್ಟಿಗೆ ಒಂದೇ ಕಡೆ ಕೂತಿತ್ತು.

ಸ್ಕೀಯ ತಳ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಸುಮಾರು 130ರಿಂದ 135 ಡಿಗ್ರಿ ಸೆಲ್ಸಿಯಸ್‌ಗೆ ಅದು ಕರಗಲು ಶುರುವಾಗುತ್ತದೆ. ವ್ಯಾಕ್ಸ್ ಕರಗಿಸಲು ಬೇಕಾಗುವ ಬಿಸಿಯೂ ಅದರ ಆಸುಪಾಸಿನಲ್ಲೇ ಇರುತ್ತದೆ. ಬೆಚ್ಚಗಿನ ಹಿಮಕ್ಕೆ ಹಾಕುವ ಮೆದು ವ್ಯಾಕ್ಸಿಗೆ 110–120 ಡಿಗ್ರಿ ಸಾಕು. ಕೊರೆಯುವ ಚಳಿಗೆ ಹಾಕುವ ಗಟ್ಟಿ ವ್ಯಾಕ್ಸ್ 150ರ ಹತ್ತಿರ ಕೇಳುತ್ತದೆ. ಹಾಗಾದರೆ ತಳ ಯಾಕೆ ಕರಗುವುದಿಲ್ಲ? ಪೆಟ್ಟಿಗೆಗೂ ತಳಕ್ಕೂ ನಡುವೆ ಕರಗಿದ ವ್ಯಾಕ್ಸಿನ ಪದರ ಇರುತ್ತದೆ, ಮತ್ತೆ ಪೆಟ್ಟಿಗೆ ಓಡುತ್ತಲೇ ಇರುತ್ತದೆ. ಈ ಎರಡರಲ್ಲಿ ಒಂದು ತಪ್ಪಿದರೂ ತಳ ಸುಡುತ್ತದೆ. ಸುಟ್ಟ ಪದರವನ್ನು ಅಂಗಡಿಯಲ್ಲಿ ಕಲ್ಲಿನ ಚಕ್ರಕ್ಕೆ ಕೊಟ್ಟು ತೆಗೆಸಬಹುದು. ಆದರೆ ಪ್ರತಿ ಸಲವೂ ತಳ ಅಷ್ಟಷ್ಟು ತೆಳುವಾಗುತ್ತಾ ಹೋಗುತ್ತದೆ.

ಅದಕ್ಕೇ ಪೆಟ್ಟಿಗೆ ಕೊಳ್ಳುವಾಗ ನಾನು ಮೊದಲು ನೋಡುವುದು ಅದರ ತಟ್ಟೆಯ ದಪ್ಪ. ಬ್ರ್ಯಾಂಡ್, ಬಣ್ಣ, ಡಿಸ್‌ಪ್ಲೇ ಎಲ್ಲ ಆಮೇಲೆ. ತೆಳು ತಳದ ಪಾತ್ರೆ ಬೇಗ ಕಾಯುತ್ತದೆ, ಬೇಗ ಆರುತ್ತದೆ ಅಲ್ವಾ? ಇದೂ ಹಾಗೇ. ತಣ್ಣಗಿನ ಸ್ಕೀ ಮೇಲೆ ಇಟ್ಟ ಕೂಡಲೇ ತೆಳು ತಟ್ಟೆಯ ಬಿಸಿ ಸರ್ರನೆ ಇಳಿಯುತ್ತದೆ. ವ್ಯಾಕ್ಸ್ ಎಳೆದಂತಾಗಿ ಗಟ್ಟಿಯಾಗುತ್ತದೆ. ನೀವು ಡಯಲ್ ಏರಿಸುತ್ತೀರಿ. ಅರ್ಧ ಸ್ಕೀ ದಾಟುವಷ್ಟರಲ್ಲಿ ಹೊಗೆ ಏಳುತ್ತದೆ. ದಪ್ಪ ತಟ್ಟೆ ಕಾಯಲು ಹತ್ತು ನಿಮಿಷ ಬೇಕಾದರೂ ತುದಿಯಿಂದ ಬಾಲದವರೆಗೆ ಒಂದೇ ಹದ ಇಟ್ಟುಕೊಳ್ಳುತ್ತದೆ. ಕೈಗೆ ಭಾರ ಅನಿಸಿದರೂ ಪರವಾಗಿಲ್ಲ. ಆ ಭಾರವೇ ಒತ್ತುತ್ತದೆ, ನೀವು ಬರೀ ಎಳೆದರೆ ಸಾಕು.

ಬಟ್ಟೆ ಇಸ್ತ್ರಿ ಪೆಟ್ಟಿಗೆ ಸಾಲದೇ ಎಂದು ತುಂಬಾ ಜನ ಕೇಳುತ್ತಾರೆ. ಶುರುವಿಗೆ ಆಗುತ್ತದೆ, ಆದರೆ ಸಹಾಯ ಮಾಡುವುದಕ್ಕಿಂತ ಕಷ್ಟ ಕೊಡುವುದೇ ಜಾಸ್ತಿ. ಅದರ ಗುರುತುಗಳನ್ನು ನೋಡಿ: ಒಂದು ಚುಕ್ಕೆ ಎಂದರೆ 110 ಡಿಗ್ರಿ, ಎರಡಕ್ಕೆ 150, ಮೂರಕ್ಕೆ 200. ನಮಗೆ ಬೇಕಾದ ಹದವೆಲ್ಲ ಒಂದು ಮತ್ತು ಎರಡು ಚುಕ್ಕೆಗಳ ನಡುವಿನ ಸಣ್ಣ ಜಾಗದಲ್ಲಿ ಅಡಗಿದೆ. ಡಯಲ್ ಕೂದಲೆಳೆಯಷ್ಟು ತಿರುಗಿದರೂ ಲೆಕ್ಕ ತಪ್ಪುತ್ತದೆ. ಅದರೊಳಗಿನ ಥರ್ಮೋಸ್ಟಾಟ್ ಎರಡು ಲೋಹದ ಪಟ್ಟಿ. ಬಿಸಿಯಾದಾಗ ಬಾಗಿ 'ಟಕ್' ಎಂದು ಕರೆಂಟ್ ಕಡಿಯುತ್ತದೆ, ಆರಿದಾಗ ಮತ್ತೆ 'ಟಕ್'. ಈ ಎರಡು ಸದ್ದಿನ ನಡುವೆ ಬಿಸಿ ಎಷ್ಟೋ ಏರಿ ಇಳಿದಿರುತ್ತದೆ. ಬಟ್ಟೆಗೆ ಅದು ಗೊತ್ತಾಗುವುದಿಲ್ಲ, ಸ್ಕೀಗೆ ಗೊತ್ತಾಗುತ್ತದೆ. ಹಬೆಯ ತೂತುಗಳಿದ್ದರೆ ಇನ್ನೂ ಕಷ್ಟ. ಅವುಗಳಲ್ಲಿ ಸೇರಿಕೊಂಡ ವ್ಯಾಕ್ಸ್ ಸೀದು ಕರ್ರಗಾಗಿ, ಮುಂದಿನ ಸಲ ಸ್ಕೀ ಮೇಲೆ ತೊಟ್ಟಿಕ್ಕುತ್ತದೆ. ಬಟ್ಟೆ ಪೆಟ್ಟಿಗೆಯೇ ಆಗಬೇಕೆಂದರೆ ತೂತಿಲ್ಲದ, ಭಾರದ ಹಳೆಯದೊಂದನ್ನು ಹುಡುಕಿ. ಆಮೇಲೆ ಅದನ್ನು ಬಟ್ಟೆಗೆ ಮುಟ್ಟಿಸಲೇಬೇಡಿ.

ವ್ಯಾಕ್ಸಿಗೆಂದೇ ಮಾಡಿದ ಪೆಟ್ಟಿಗೆಯಲ್ಲಿ ಡಯಲ್ ಇರುವುದು ಒಂದು ಬಗೆ, ಡಿಜಿಟಲ್ ಇನ್ನೊಂದು. ವರ್ಷಕ್ಕೆ ಹತ್ತಾರು ಸಲ, ಎಲ್ಲ ಬಗೆಯ ಹಿಮಕ್ಕೂ ಆಗುವ ಒಂದೇ ಯೂನಿವರ್ಸಲ್ ವ್ಯಾಕ್ಸ್ ಹಾಕುವವರಿಗೆ ಡಿಗ್ರಿ ಬರೆದ ಡಯಲ್ ಇದ್ದರೆ ಸಾಕು, ತಟ್ಟೆ ಮಾತ್ರ ದಪ್ಪ ಇರಲಿ. ಗಟ್ಟಿ ವ್ಯಾಕ್ಸ್ ಬಳಸುವವರು, ರೇಸಿಗೆ ಹೋಗುವವರು ಡಿಜಿಟಲ್ ತಗೊಳ್ಳಿ. ಅವರಿಗೆ ಐದು ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ. ದಪ್ಪ ತಟ್ಟೆಯ ಡಯಲ್ ಮತ್ತು ತೆಳು ತಟ್ಟೆಯ ಡಿಜಿಟಲ್ ಒಂದೇ ಬೆಲೆಗೆ ಸಿಕ್ಕರೆ ನಾನು ಕಣ್ಣುಮುಚ್ಚಿ ಮೊದಲನೆಯದನ್ನೇ ಆರಿಸುತ್ತೇನೆ.

ವೋಲ್ಟೇಜ್ ಮರೆಯಬೇಡಿ. ಇಂಥ ಪೆಟ್ಟಿಗೆಗಳು ಎಷ್ಟೋ ಸಲ ಬೇರೆ ದೇಶದಿಂದ ಬರುತ್ತವೆ. 115 ವೋಲ್ಟಿನದನ್ನು 230ರ ಪ್ಲಗ್ಗಿಗೆ ಹಾಕಿದರೆ ಒಳಗಿನ ಕಾಯಿಲ್ ನಾಲ್ಕು ಪಟ್ಟು ಪವರ್ ಎಳೆದು ಸುಟ್ಟುಹೋಗುತ್ತದೆ. ವೈರ್ ಉದ್ದ ಇರಲಿ. ತಟ್ಟೆಯ ಅಂಚು ಸ್ವಲ್ಪ ಓರೆಯಾಗಿದ್ದರೆ ಮುಂದಿರುವ ವ್ಯಾಕ್ಸ್ ಕೆಳಗೆ ನುಗ್ಗುತ್ತದೆ, ಪಕ್ಕಕ್ಕೆ ಸುರಿಯುವುದಿಲ್ಲ.

ಹೊಸ ಪೆಟ್ಟಿಗೆ ತಂದ ದಿನ ಒಂದು ಪರೀಕ್ಷೆ ಮಾಡಿ. ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡುವುದು ಬೇಡ, ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ನಾನು ಮಲ್ಟಿಮೀಟರಿನ ಜೊತೆ ಬರುವ ಥರ್ಮೋಕಪಲ್ ಎಂಬ ಬಿಸಿ ಅಳೆಯುವ ತಂತಿಯನ್ನು ತಟ್ಟೆಗೆ ಒತ್ತಿ ಹಿಡಿದು, ಡಯಲ್ ಏನು ಹೇಳುತ್ತದೆ, ತಂತಿ ಏನು ಹೇಳುತ್ತದೆ ಎಂದು ಚೀಟಿಯಲ್ಲಿ ಬರೆದುಕೊಂಡೆ. ನನ್ನದರಲ್ಲಿ 120 ಎಂದಿಟ್ಟರೆ ತಟ್ಟೆ 128ಕ್ಕೆ ಹೋಗುತ್ತಿತ್ತು. ಆ ಚೀಟಿ ಇಂದಿಗೂ ಹಿಡಿಗೆ ಅಂಟಿದೆ.

ಮೀಟರ್ ಇಲ್ಲವೇ? ವ್ಯಾಕ್ಸನ್ನೇ ಕೇಳಿ. ಅದರ ಕವರ್ ಮೇಲೆ ಬರೆದಿರುವ ಡಿಗ್ರಿಗೆ ಇಟ್ಟು, ಕಿಟಕಿ ತೆರೆದು, ವ್ಯಾಕ್ಸಿನ ಗಟ್ಟಿಯನ್ನು ತಟ್ಟೆಗೆ ತಾಗಿಸಿ. ಹನಿಗಳು ಸರಾಗವಾಗಿ ಬೀಳಬೇಕು, ಹೊಗೆ ಬರಬಾರದು. ಹೊಗೆ ಕಂಡರೆ ಕಾಣದಾಗುವವರೆಗೂ ಇಳಿಸುತ್ತಾ ಬನ್ನಿ. ಆಮೇಲೆ ಸ್ಕೀ ತಳದ ಮೇಲೆ ವ್ಯಾಕ್ಸ್ ಹನಿಸಿ, ಪೆಟ್ಟಿಗೆಯನ್ನು ತುದಿಯಿಂದ ಬಾಲಕ್ಕೆ, ನಿಲ್ಲದೆ ಎಳೆಯಿರಿ. ಪೆಟ್ಟಿಗೆಯ ಹಿಂದೆ ಐದರಿಂದ ಹತ್ತು ಸೆಂಟಿಮೀಟರ್ ವ್ಯಾಕ್ಸ್ ಒದ್ದೆಯಾಗಿ ಮಿನುಗುತ್ತಾ, ಅದರಾಚೆ ಮಂಕಾಗುತ್ತಾ ಬರುತ್ತದೆ. ಆ ಮಿನುಗುವ ಬಾಲ ಗೇಣುದ್ದ ಬೆಳೆದರೆ ಬಿಸಿ ಹೆಚ್ಚಾಯಿತು ಅಥವಾ ಕೈ ನಿಧಾನವಾಯಿತು ಎಂದು ಅರ್ಥ. ಪೂರ್ತಿ ಕಾಣದೆ ಹೋದರೆ ಬಿಸಿ ಸಾಲದು. ನಡುನಡುವೆ ಸ್ಕೀಯ ಮೇಲ್ಭಾಗಕ್ಕೆ ಅಂಗೈ ಇಟ್ಟು ನೋಡಿ. ಉಗುರುಬೆಚ್ಚಗಿರಬೇಕು. ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ನಿಲ್ಲಿಸಿ, ಪೂರ್ತಿ ಆರಲು ಬಿಡಿ.

ಕಪಾಟಿನಲ್ಲಿ ಫ್ಲೋರಿನ್ ರಾಸಾಯನಿಕ ಸೇರಿಸಿದ ಹಳೆಯ ಫ್ಲೋರೋ ವ್ಯಾಕ್ಸ್ ಉಳಿದಿದ್ದರೆ ದಯವಿಟ್ಟು ಅದನ್ನು ಬಿಸಿಗೆ ಇಡಬೇಡಿ. ಅದರ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ಹಿಮದಲ್ಲಿ ಉಳಿದದ್ದು ನೀರಿಗೆ ಸೇರುತ್ತದೆ, ಅಲ್ಲಿಂದ ಹೋಗುವುದೇ ಇಲ್ಲ. ಅಂತಾರಾಷ್ಟ್ರೀಯ ಸ್ಕೀ ಫೆಡರೇಷನ್ 2023–24ರ ಸೀಸನ್ನಿನಿಂದ ತನ್ನ ರೇಸುಗಳಲ್ಲಿ ಅದನ್ನು ನಿಷೇಧಿಸಿದೆ.

ಕೆಲಸ ಮುಗಿದ ಮೇಲೆ ಪ್ಲಗ್ ತೆಗೆದು, ತಟ್ಟೆ ಇನ್ನೂ ಬೆಚ್ಚಗಿರುವಾಗಲೇ ದಪ್ಪ ಪೇಪರ್ ಟವೆಲ್‌ನಿಂದ ಒರೆಸಿ. ಟವೆಲ್ ಮೇಲೆ ಕಂದು ಗೆರೆ ಬಂದರೆ ಆ ದಿನ ಬಿಸಿ ಒಂಚೂರು ಜಾಸ್ತಿಯಾಗಿತ್ತು. ಮುಂದಿನ ಸಲ ಐದು ಡಿಗ್ರಿ ಕಡಿಮೆ ಇಟ್ಟು ಶುರುಮಾಡಿ.